ಏಳು ಬೆರ್ಚಪ್ಪ, ಒಂದು ಬ್ರೇಕ್ ಕೇಬಲ್: 17 ನಿಮಿಷದ ದೆವ್ವದ ಸಿನಿಮಾದ ಕೆಲಸದ ಡೈರಿ

ಕೊನೆಯ ಕಟ್ ಮೊನ್ನೆ ರಾತ್ರಿ ಎರಡಕ್ಕೆ ಮುಗಿಯಿತು. 17 ನಿಮಿಷ 20 ಸೆಕೆಂಡ್. ಮೇ ಎರಡನೇ ವಾರ ಶುರು ಮಾಡಿದ್ದು, ಮಳೆ, ಕರೆಂಟು, ತೋಟಕ್ಕೆ ಔಷಧಿ ಹೊಡೆಯೋ ಗಲಾಟೆ ಎಲ್ಲ ದಾಟಿಕೊಂಡು ಆಗಸ್ಟ್ ಕೊನೆಗೆ ಬಂದು ನಿಂತಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ. ನಾಳೆ ಬೇರೆ ಯಾರಾದರೂ ಬೆರ್ಚಪ್ಪನ (ತೋಟದ ಬೆದರುಬೊಂಬೆ) ಕೈಯಲ್ಲಿ ಚಪ್ಪಾಳೆ ಹೊಡೆಸಲು ಹೊರಟರೆ, ನಾನು ನೀರಿಗೆ ಹಾಕಿದ 2,000 ರೂಪಾಯಿ ಅವರಿಗಾದರೂ ಉಳಿಯಲಿ.

ಕಥೆ ಸಣ್ಣದು. ತೀರ್ಥಹಳ್ಳಿ ಕಡೆಯ ಹಳೇ ಮನೆಯೊಂದರ ಉಪ್ಪರಿಗೆಯಲ್ಲಿ ಒಬ್ಬ ಒಂಟಿಯಾಗಿದ್ದಾನೆ. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ (ಇಷ್ಟು ಭಾಗ ನನ್ನದೇ). ರಾತ್ರಿ ಹತ್ತಕ್ಕೆ ರಿಂಗ್ ಲೈಟ್ ಹಚ್ಚಿ ಲೈವ್ ಬರುತ್ತಾನೆ. ಹಾಡುತ್ತಾನೆ, ಮಿಮಿಕ್ರಿ ಮಾಡುತ್ತಾನೆ, ಏನೂ ತೋಚದಿದ್ದರೆ ಬಾಳೆಹಣ್ಣು ಸುಲಿದು ತಿನ್ನುತ್ತಾನೆ. ನೋಡುವವರ ಸಂಖ್ಯೆ ಯಾವಾಗಲೂ 1. ಅದು ತನ್ನದೇ ಎರಡನೇ ಫೋನ್ ಅಂದುಕೊಂಡಿದ್ದಾನೆ. ಒಂದು ರಾತ್ರಿ ಬೇಜಾರಿಗೆ ತೋಟದ ಬೆರ್ಚಪ್ಪನನ್ನು ಹೊತ್ತು ತಂದು ಎದುರಿಗೆ ಕೂರಿಸುತ್ತಾನೆ. ಸಂಖ್ಯೆ 2 ಆಗುತ್ತದೆ. ಅಲ್ಲಿಂದ ದಿನಕ್ಕೊಂದು ಬೆರ್ಚಪ್ಪ. ಏಳು ಕೂತಾಗ 8. ಆ ರಾತ್ರಿ ಮಂಚದ ಕೆಳಗೆ ಆ ಎರಡನೇ ಫೋನ್ ಸಿಗುತ್ತದೆ. ಚಾರ್ಜ್ ಸತ್ತು, ಮೇಲೆ ಒಂದು ಪದರ ಧೂಳು ಕೂತಿದೆ. ಸಂಖ್ಯೆ ಮಾತ್ರ 8ರಲ್ಲೇ ಇದೆ.

ದೆವ್ವ ಎಲ್ಲೂ ಕಾಣುವುದಿಲ್ಲ. ಬರೀ ಚಪ್ಪಾಳೆ. ಹಾಗಾಗಿ ಕೆಲಸವೆಲ್ಲ ಬೆರ್ಚಪ್ಪಗಳ ಮೇಲೇ ಬಿತ್ತು.

ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಫೋನಿದೆ. ಟ್ರೈಪಾಡ್ ಇದೆ, ಆದರೆ ಅದರ ಒಂದು ಕಾಲು ಜಾರುತ್ತದೆ, ಟೇಪ್ ಸುತ್ತಿದ್ದೇನೆ. ಓರೆನ್ ಪೆಲಿ ಅನ್ನೋ ನಿರ್ದೇಶಕ ಅಮೆರಿಕದ ಸ್ಯಾನ್ ಡಿಯೇಗೋದ ತನ್ನ ಸ್ವಂತ ಮನೆಯಲ್ಲೇ ಸುಮಾರು 15,000 ಡಾಲರಿನಲ್ಲಿ, ಒಂದು ವಾರದ ಚಿತ್ರೀಕರಣದಲ್ಲಿ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಅನ್ನೋ ದೆವ್ವದ ಸಿನಿಮಾ ಮಾಡಿದ. ಅದು ಮೊದಲು ಪರದೆಗೆ ಬಂದದ್ದು 2007ರಲ್ಲಿ. ಅದರ ರಾತ್ರಿಯ ದೃಶ್ಯಗಳಲ್ಲಿ ಕ್ಯಾಮೆರಾ ಮಂಚದ ಎದುರು ಅಲ್ಲಾಡದೆ ನಿಂತಿರುತ್ತದೆ. ನಾನು ಕದ್ದದ್ದು ಅದೊಂದನ್ನೇ. ಕ್ಯಾಮೆರಾ ಅಲ್ಲಾಡದಿದ್ದರೆ ಕಾಲು ಜಾರುವ ಟ್ರೈಪಾಡೂ ಸಾಕು. ಅತ್ತೆಯ ಮನೆ ಉಪ್ಪರಿಗೆ ಖಾಲಿ ಇತ್ತು. ಅತ್ತೆಯ ಮಗ ಬೆಂಗಳೂರಿನಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಅತ್ತೆ ಒಬ್ಬರೇ.

ಮೇ 12, ಮುಖಗಳು

ಮೊದಲ ಯೋಚನೆ ಹಳೇ ದಿಂಬಿನ ಕವರಿಗೆ ಹುಲ್ಲು ತುಂಬಿ, ಮೇಲೆ ಬಿಳಿ ಬಣ್ಣ ಬಳಿಯುವುದು. 120 ರೂಪಾಯಿಯ ಡಬ್ಬ ತಂದೆ. ಬಳಿದ ಮೇಲೆ ಅದು ಎಂಥ ಬೆಳಕಿನಲ್ಲೂ ಬಣ್ಣ ಬಳಿದ ದಿಂಬಿನ ಹಾಗೇ ಕಂಡಿತು. ನಟನಿಗೆ ಫೋಟೋ ಕಳಿಸಿದರೆ ನಗುವ ಚಿತ್ರ ವಾಪಸ್ ಬಂತು. ಬಣ್ಣ ದಂಡ.

ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದ ಅಗಲ ಪದರ, ಹೊಳೆದದ್ದು ಅಂಗಳ ಗುಡಿಸುವಾಗ. ಅಡಿಕೆ ತೋಟದಲ್ಲಿ ಹಾಳೆಗೆ ಬರವೇ? ಅಗಲದ್ದು ಒಂಬತ್ತು ಆರಿಸಿ ಬಚ್ಚಲ ಹಂಡೆಯ ನೀರಿನಲ್ಲಿ ಒಂದು ರಾತ್ರಿ ನೆನೆಸಿದೆ. ಬೆಳಿಗ್ಗೆ ಚರ್ಮದ ಹಾಗೆ ಬಾಗುತ್ತಿತ್ತು. ಮಡಕೆ ಬೋರಲು ಹಾಕಿ, ಮೇಲೆ ಹಾಳೆಯ ಒಳಮೈ ಹೊರಗೆ ಬರುವ ಹಾಗೆ ಹಾಸಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿದೆ. ಮೂಗಿನ ಜಾಗಕ್ಕೆ ಒಳಗೆ ಒಂದು ಗೋಟಡಿಕೆ. ಬಿಸಿಲಿಗೆ ಇಡೋಣ ಅಂದರೆ ಆ ವಾರವೇ ಮೋಡ ಹಿಡಿಯಿತು. ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಮೂರು ದಿನಕ್ಕೆ ಒಣಗಿ, ಹೊಗೆ ಹಿಡಿದು, ಬೋಳು ತಲೆಯ ಮುದುಕನ ಬಣ್ಣಕ್ಕೆ ಬಂತು.

ತಪ್ಪಾದದ್ದು ಕಣ್ಣು ಕೊರೆಯುವಾಗ. ಕತ್ತಿಯ ಮೊನೆಯಿಂದ ಕೊರೆದ ಮೊದಲ ಎರಡು ಮುಖ ಹಣೆಯಿಂದ ಗಲ್ಲದವರೆಗೆ ಚರ್ರನೆ ಸೀಳಿದವು. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ, ಎಲ್ಲಿ ಕೊಯ್ದರೂ ಅದೇ ದಾರಿ ಹಿಡಿಯುತ್ತದೆ. ಒಂಬತ್ತರಲ್ಲಿ ಏಳು ಉಳಿದವು. ಕಥೆಗೆ ಏಳೇ ಬೇಕಿತ್ತು ಅಂತ ಈಗ ಜಂಬ ಹೊಡೆಯಬಹುದು, ನಿಜಕ್ಕೂ ಬರೆದಿದ್ದು ಒಂಬತ್ತು. ಉಳಿದವಕ್ಕೆ 8 ಮಿ.ಮೀ. ಕಬ್ಬಿಣದ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಚುಚ್ಚಿದೆ. ಸುಟ್ಟ ಅಂಚು ನಾರನ್ನು ಹಿಡಿದುಕೊಳ್ಳುತ್ತದೆ, ಸೀಳುವುದಿಲ್ಲ. ಕಣ್ಣಿನ ಸುತ್ತ ಕಪ್ಪು ತಾನಾಗೇ ಬಂತು.

ಮೇ 26, ಕಣ್ಣು

ಫೋನ್ ಎದುರು ಕೂತು ಬದುಕುವವರ ಕಣ್ಣನ್ನು ಹತ್ತಿರದಿಂದ ನೋಡಿದ್ದೀರಾ? ಪಾಪೆಯೊಳಗೆ ಒಂದು ಬಿಳಿ ಬಳೆ ಇರುತ್ತದೆ, ರಿಂಗ್ ಲೈಟಿನದು. ನನ್ನ ನಟನ ಕಣ್ಣಲ್ಲಿ ಅದು ಇದ್ದ ಮೇಲೆ ಬೆರ್ಚಪ್ಪಗಳ ಕಣ್ಣಲ್ಲೂ ಇರಬೇಕು ಅಂತ ಹಟ ಹಿಡಿಯಿತು.

ಗೋಲಿ ಇಟ್ಟೆ, ಕರಡಿ ಗೊಂಬೆಯ ಹಾಗಾಯಿತು. ಅಂಗಿ ಗುಂಡಿ ಹೊಳೆಯಲಿಲ್ಲ. ಕನ್ನಡಿ ಚೂರು ಇಟ್ಟರೆ ಅದರಲ್ಲಿ ಟ್ರೈಪಾಡು, ಟ್ರೈಪಾಡಿನ ಹಿಂದೆ ಲುಂಗಿಯುಟ್ಟ ನಾನು. ಕೊನೆಗೆ ಉತ್ತರ ಅತ್ತೆಯ ಬಿಪಿ ಮಾತ್ರೆಯ ಖಾಲಿ ಪಟ್ಟಿಯಲ್ಲಿತ್ತು. ಒಂದೊಂದು ಮಾತ್ರೆಯ ಮೇಲೂ ಉಬ್ಬಿದ ಪಾರದರ್ಶಕ ಗುಳ್ಳೆ ಇರುತ್ತದಲ್ಲ, ಅದನ್ನು ಕತ್ತರಿಸಿ, ಹಿಂದೆ ಕೊಡೆಯ ಕಪ್ಪು ಬಟ್ಟೆ ಅಂಟಿಸಿ, ಮುಖದ ಒಳಗಿನಿಂದ ತೂತಿಗೆ ಕೂರಿಸಿದೆ. ಉಬ್ಬಿದ ಮೈ ಆದ್ದರಿಂದ ದೀಪ ಯಾವ ಮೂಲೆಯಲ್ಲಿದ್ದರೂ ಅದರಲ್ಲಿ ಸಣ್ಣದಾಗಿ ಬೀಳುತ್ತದೆ. ರಾತ್ರಿ ಉಪ್ಪರಿಗೆಯಲ್ಲಿ ಏಳನ್ನೂ ಕೂರಿಸಿ ರಿಂಗ್ ಲೈಟ್ ಹಚ್ಚಿದೆ. ಹದಿನಾಲ್ಕು ಬಿಳಿ ಬಳೆಗಳು ಒಟ್ಟಿಗೆ ಹೊತ್ತಿಕೊಂಡವು, ಒದ್ದೆ ಕಣ್ಣುಗಳ ಹಾಗೆ. ನಾನೇ ಕಟ್ಟಿದ್ದು, ಖರ್ಚು ಸೊನ್ನೆ. ಆದರೂ ಮೆಟ್ಟಿಲಿಳಿಯುವಾಗ ದೀಪ ಆರಿಸಲು ಮನಸ್ಸು ಬರಲಿಲ್ಲ, ಉರಿಯಲಿ ಅಂತ ಬಿಟ್ಟು ಬಂದೆ.

ಮೈ ಕಟ್ಟಿದ್ದರ ಬಗ್ಗೆ ಹೇಳಲು ಹೆಚ್ಚಿಲ್ಲ. ಅಡಿಕೆ ದಬ್ಬೆಯ ಅಡ್ಡ, ಉದ್ದ, ಬೈಂಡಿಂಗ್ ವೈರು 1 ಕೆ.ಜಿ. (90 ರೂಪಾಯಿ), ಒಣಹುಲ್ಲು, ಮಾವನ ಹಳೇ ಅಂಗಿಗಳು. ಅಂಗಿಗಳನ್ನು ಅತ್ತೆಯೇ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಒಂದೊಂದನ್ನೂ ಕೊಡವಿ, ಗುಂಡಿ ನೋಡಿ, ಇದು ಇಂಥ ಮದುವೆಗೆ ಹೊಲಿಸಿದ್ದು ಅಂತ ಹೇಳಿ ಕೊಡುತ್ತಿದ್ದರಿಂದ ಆ ಕೆಲಸಕ್ಕೇ ಒಂದು ಮಧ್ಯಾಹ್ನ ಹಿಡಿಯಿತು.

ಜೂನ್ 2ರಿಂದ 16, ಚಪ್ಪಾಳೆ

ಇಲ್ಲಿ ಸಿಕ್ಕಿಬಿದ್ದೆ. ಎರಡು ವಾರ, ಮೂರು ಯಂತ್ರ.

ಕೈಯ ರಚನೆ ಹೀಗೆ: ಎಡಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಗಟ್ಟಿ. ಬಲಗೈ ಮೊಣಕೈ ಹತ್ತಿರ ಬಾಗಿಲಿನ ಸಣ್ಣ ತಿರುಗಣೆಯ ಮೇಲೆ ಆಡುತ್ತದೆ, ಮೇಲೆದ್ದು ಎಡಗೈಯ ಮೇಲೆ ಬೀಳುತ್ತದೆ. ಭಜನೆಯಲ್ಲಿ ತಾಳ ಹಾಕುತ್ತಾರಲ್ಲ, ಹಾಗೆ. ಮೊಣಕೈಯಿಂದ ಬೆರಳ ತುದಿಗೆ 40 ಸೆಂ.ಮೀ. ಅಂಗೈಗಳೂ ಹಾಳೆಯವೇ. ಕೈಯ ತೂಕ 240 ಗ್ರಾಂ.

ಒಂದನೇ ಯಂತ್ರ: ಎಸ್‌ಜಿ90 ಅನ್ನೋ ಪುಟ್ಟ ಸರ್ವೋ ಮೋಟಾರ್, 130 ರೂಪಾಯಿಯಂತೆ ಎರಡು ತರಿಸಿದೆ. ವಿಡಿಯೋಗಳಲ್ಲಿ ಇದು ರೋಬೋಟಿನ ಕೈ ಎತ್ತುತ್ತದೆ. ನಾನು ನೋಡದೇ ಬಿಟ್ಟ ಲೆಕ್ಕ ಇದು: ಅದರ ಶಕ್ತಿ 1.8 ಕೆ.ಜಿ.-ಸೆಂ.ಮೀ., ಅಂದರೆ ಒಂದು ಸೆಂಟಿಮೀಟರ್ ದೂರದಲ್ಲಿ 1.8 ಕೆ.ಜಿ. ಎತ್ತೀತು, 30 ಸೆಂಟಿಮೀಟರ್ ದೂರದಲ್ಲಿ ಬರೀ 60 ಗ್ರಾಂ. ಮೊದಲನೆಯದು ಎರಡು ಸಲ ನಡುಗಿ ಹಲ್ಲುದುರಿಸಿಕೊಂಡಿತು, ಒಳಗಿನ ಗಿಯರು ಪ್ಲಾಸ್ಟಿಕ್ಕಿನದು. ಎರಡನೆಯದನ್ನೂ ಯಾಕೆ ಹಾಕಿದೆ ಅಂತ ಕೇಳಬೇಡಿ. ಹಾಕಿದೆ, ಅದೂ ಹೋಯಿತು.

ಎರಡನೇ ಯಂತ್ರ: ಗುಜರಿಯಿಂದ ಕಾರಿನ ವೈಪರ್ ಮೋಟಾರ್, 450 ರೂಪಾಯಿ. ಈಗ ಶಕ್ತಿ ಹೆಚ್ಚಾಯಿತು. ಸಿಸಿಟಿವಿಗೆ ಹಾಕುವ 12 ವೋಲ್ಟ್ 2 ಆಂಪಿಯರಿನ ಅಡಾಪ್ಟರ್ (220) ಕೊಟ್ಟರೆ ಟಿಕ್ ಟಿಕ್ ಅನ್ನುತ್ತದೆ, ತಿರುಗುವುದಿಲ್ಲ. ಹೊರಡುವಾಗ ಮೋಟಾರು ಎಳೆಯುವ ಕರೆಂಟು ಅದರ ಕೈಗೆ ಮೀರಿದ್ದು, ಅಡಾಪ್ಟರ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಯುಪಿಎಸ್ಸಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ತಂದೆ, 950. ತಿರುಗಿತು. ನಾನು ಕ್ರ್ಯಾಂಕಿನ (ಮೋಟಾರಿನ ಜೊತೆ ಸುತ್ತುತ್ತಾ ಎಳೆಯುವ ಪಟ್ಟಿ) ಕೈ 6 ಸೆಂ.ಮೀ. ಇಟ್ಟಿದ್ದೆ, ಅಂದರೆ 12 ಸೆಂ.ಮೀ. ಎಳೆತ. ಮೊದಲ ಸುತ್ತಿಗೇ ಬೆರ್ಚಪ್ಪನ ಬಲಗೈ ಮೊಣಕೈಯಿಂದ ಕಿತ್ತು ಕಿಟಕಿಗೆ ಬಡಿಯಿತು. ಕೆಳಗಿಂದ ಅತ್ತೆ: “ಅಪ್ಪೀ, ಎಂತ ಒಡೆದೆ?”

2.5 ಸೆಂ.ಮೀ.ಗೆ ಇಳಿಸಿದ ಮೇಲೆ ಕೈ ಆಡಿತು. ಆದರೆ ಮೋಟಾರಿನ ಗೊರಗೊರ ಕೋಣೆ ತುಂಬ. ಮೋಟಾರನ್ನು ಕಿಟಕಿಯಾಚೆ ಹೊರಜಗಲಿಗೆ ಸಾಗಿಸಿ, ಸೈಕಲ್ ಬ್ರೇಕಿನ ಕೇಬಲ್ (45 ರೂಪಾಯಿಯಂತೆ ಎರಡು) ಮೂಲಕ ಎಳೆತವನ್ನು ಒಳಗೆ ತಂದೆ. ಈ ಉಪಾಯಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸದ್ದು ಹೋಯಿತು. ಆಮೇಲೆ ಕೂತು ನೋಡಿದರೆ, ನಿಮಿಷಕ್ಕೆ 45ರಂತೆ ಟಪ್, ಟಪ್, ಟಪ್. ಜಾತ್ರೆಯಲ್ಲಿ ಅಂಗಡಿ ಮುಂದೆ ತಲೆಯಾಡಿಸುವ ಗೊಂಬೆಯ ಹಾಗೆ. ಒಂದು ನಿಮಿಷದಲ್ಲಿ ಕಣ್ಣು ಅದನ್ನು ಮರೆತೇ ಬಿಡುತ್ತದೆ. ಭಯ ಎಲ್ಲಿಂದ ಬರಬೇಕು?

ಮೂರನೇ ಯಂತ್ರ: ಪಕ್ಕದ ಮನೆಯ ಹುಡುಗ, ಏಳನೇ ಕ್ಲಾಸು. ಶಾಲೆಗೆ ಮಳೆ ರಜೆ ಕೊಟ್ಟಿದ್ದರಿಂದ ನೋಡಲು ಬಂದಿದ್ದ. “ಅಣ್ಣ, ಇದಕ್ಕೆ ಬ್ರೇಕೇ ಹಾಕಬಹುದಲ್ಲ?” ಅಂದ. ಕೇಬಲ್ ಇದ್ದಾಗ ಲಿವರ್ ಹಾಕಬಹುದು ಅನ್ನುವುದು ಹತ್ತು ದಿನ ನನಗೆ ಹೊಳೆದಿರಲಿಲ್ಲ. ಲಿವರ್ 70 ರೂಪಾಯಿ. ಬ್ರೇಕ್ ಲಿವರ್ ಎಳೆಯುವುದು ಬರೀ ಒಂದೂವರೆ ಸೆಂಟಿಮೀಟರ್, ಆದ್ದರಿಂದ ಕೇಬಲ್ಲನ್ನು ತಿರುಗಣೆಯಿಂದ 2.5 ಸೆಂ.ಮೀ. ಹತ್ತಿರಕ್ಕೆ ಕಟ್ಟಿದೆ. ಅಲ್ಲಿ ಒಂದೂವರೆ ಎಳೆದರೆ ಅಂಗೈ ಸುಮಾರು 24 ಸೆಂ.ಮೀ. ಏಳುತ್ತದೆ. ಕೆಳಗೆ ಬೀಳಲು ತೂಕ ಸಾಲದು, ಬಿದ್ದರೂ ಮೆತ್ತಗೆ ಬೀಳುತ್ತದೆ. ಅದಕ್ಕೆ ಟ್ಯೂಬಿನ ರಬ್ಬರ್ ಒಂದು ಸುತ್ತು. ಬಿಟ್ಟರೆ ಛಟೀರ್.

ಹುಡುಗ ಕಿಟಕಿಯಾಚೆ ಗೋಣಿ ಹೊದ್ದು ಕೂತು ಲಿವರ್ ಹಿಡಿದ. ಒಮ್ಮೆ ಬೇಗ, ಒಮ್ಮೆ ತಡ, ಮಧ್ಯೆ ಸೊಳ್ಳೆ ಹೊಡೆಯಲು ನಿಲ್ಲಿಸಿದ, ಮತ್ತೆ ನೆನಪಾಗಿ ಎರಡು ಹೊಡೆದ. ಒಳಗೆ ಬೆರ್ಚಪ್ಪ ಯೋಚನೆ ಮಾಡಿ ಚಪ್ಪಾಳೆ ಹೊಡೆದ ಹಾಗೆ ಕಂಡಿತು. ನಟ ಸಂಭಾಷಣೆ ಮರೆತ.

ಜೂನ್ 20, ಬೂಷ್ಟು

ಮುಖಗಳಿಗೆ ಬೂಷ್ಟು ಬಂತು. ಇದನ್ನು ಯಾರಾದರೂ ಮುಂಚೆಯೇ ಹೇಳಬಹುದಿತ್ತು. ನಮ್ಮಲ್ಲಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಹಾಳೆಯನ್ನು ಗಾಳಿಯಾಡದ ಉಪ್ಪರಿಗೆಯಲ್ಲಿ ಬಿಟ್ಟರೆ ಇನ್ನೇನಾಗುತ್ತದೆ. ಅತ್ತೆ ಹೇಳಿದ ಮದ್ದು ತೋಟದ್ದೇ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಮೈಲುತುತ್ತ ಮತ್ತು ಸುಣ್ಣ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಮಿಗಿಸಿ ಹೋಗಿದ್ದರಲ್ಲಿ ಮೂರು ಮುಖ ಅದ್ದಿದೆ. ಬೂಷ್ಟು ನಿಂತಿತು, ಮುಖ ಮಾತ್ರ ತಿಳಿ ನೀಲಿಗೆ ತಿರುಗಿ ಕೃಷ್ಣನ ವೇಷ ಆಯಿತು.

ನಾಲ್ಕನ್ನು ಅದ್ದದೆ ಬಿಟ್ಟೆ. ಸೋಮಾರಿತನವೇ, ಉಪಾಯ ಅಲ್ಲ. ಅವುಗಳ ಕೆನ್ನೆಯ ಮೇಲೆ ಬೂದು, ಕಪ್ಪು ಚುಕ್ಕಿಗಳು ದಿನದಿನಕ್ಕೆ ಹರಡಿದವು. ಸಿನಿಮಾದ ಎರಡನೇ ಭಾಗದಲ್ಲಿ ಪ್ರೇಕ್ಷಕರ ಮುಖ ಕೊಳೆಯುತ್ತಾ ಬರುತ್ತದೆ, ನೋಡಿದವರೆಲ್ಲ ಮೇಕಪ್ ಬಗ್ಗೆ ಕೇಳುತ್ತಾರೆ. ಮೇಕಪ್ಪಿಲ್ಲ, ಮಳೆಗಾಲ. ನೀಲಿಯ ಮೂರನ್ನು ಹಿಂದಿನ ಸಾಲಿನ ಕತ್ತಲೆಗೆ ತಳ್ಳಿದ್ದೇನೆ.

ಜೂನ್ 23, ಆ ಒಂದು ಸಂಖ್ಯೆ

ಫೋನ್ ಪರದೆಯ ಮೇಲೆ 1 ಹೋಗಿ 2 ಬರಬೇಕು. ಇಡೀ ಸಿನಿಮಾದ ಗುಂಡಿಗೆ ಇದೇ. ಮೊದಲ ದಿನ ಮೈಗಳ್ಳತನ ಮಾಡಿ ನಿಜವಾಗಿಯೂ ಲೈವ್ ಹೋದೆವು, ಪರದೆ ಸಹಜವಾಗಿರಲಿ ಅಂತ. ರಾತ್ರಿ ಹನ್ನೊಂದಕ್ಕೆ ನಟನ ದೊಡ್ಡಮ್ಮ ನೋಡಿಬಿಟ್ಟರು. ಹುಡುಗ ಹಾಳೆಯ ಹೆಣಗಳ ಎದುರು ಕೂತು ಅಳುತ್ತಿದ್ದಾನೆ! ಹತ್ತು ನಿಮಿಷದಲ್ಲಿ ಅವನ ಮನೆಯಿಂದ ಮೂರು ಫೋನ್, ಅತ್ತೆಗೆ ಒಂದು. ಆ ಟೇಕಿನಲ್ಲಿ ಸಂಖ್ಯೆ 1ರಿಂದ ಒಮ್ಮೆಲೇ 14ಕ್ಕೆ ಹೋಯಿತು, ಎಲ್ಲ ನೆಂಟರೇ.

ಮರುದಿನ ನಕಲಿ ಪರದೆ ಮಾಡಿದೆ. ಸ್ಲೈಡಿನಲ್ಲಿ ಬರೆದು, ವಿಡಿಯೋ ಮಾಡಿ, ಫೋನಿನಲ್ಲಿ ಓಡಿಸಿದ್ದು. ಈಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದವು. ನಮ್ಮ ಕರೆಂಟು 50 ಹರ್ಟ್ಸ್, ಕೋಣೆಯ ಬಲ್ಬಿಗೆ ಷಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟು ಸೆಕೆಂಡಿಗೆ 25 ಫ್ರೇಮಿನಲ್ಲಿ ತೆಗೆಯುತ್ತಿದ್ದೆ, ಅದು ಸರಿ. ಈ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಅದಕ್ಕೆ 1/60 ಬೇಕು. ಎರಡಕ್ಕೂ ಒಂದೇ ಷಟರ್ ಹೊಂದುವುದಿಲ್ಲ. ಪರದೆಯ ಕ್ಲೋಸಪ್ಪಿಗೆ ಕೋಣೆಯ ಬಲ್ಬ್ ಪೂರ್ತಿ ಆರಿಸಿ, ರಿಂಗ್ ಲೈಟನ್ನು ಪವರ್ ಬ್ಯಾಂಕಿಗೆ ಹಾಕಿ, 1/60 ಇಟ್ಟೆ. ಪರದೆಯ ಬೆಳಕನ್ನು ಕಡಿಮೆ ಮಾಡಿದಾಗ ಪಟ್ಟೆ ಮತ್ತೆ ಬಂತು, ಅದನ್ನು ಪೂರ್ತಿ ಏರಿಸಿ ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಅದು ಎಷ್ಟು ಚುರುಕು ಅನ್ನುವ ಅಳತೆ) ಇಳಿಸಿದ ಮೇಲೆ ಹೋಯಿತು. ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡದೆ ಹೋದ ಒಂದು ರಾತ್ರಿಯ ಫೂಟೇಜ್ ಪೂರ್ತಿ ದಂಡ. ನಟ ಮುಂದೆ ಬಾಗಿದಾಗೆಲ್ಲ ಗೋಡೆ ಬೆಳ್ಳಗಾಗಿ ಕಪ್ಪಗಾಗುತ್ತಿತ್ತು.

ಜೂನ್ 29, ರಕ್ತ

ಕೊನೆಯ ದೃಶ್ಯದಲ್ಲಿ ಅವನೂ ಚಪ್ಪಾಳೆ ಹೊಡೆಯುತ್ತಾನೆ, ಅಂಗೈ ಒಡೆಯುವವರೆಗೆ. ಬೇಕರಿಯವರು ಬಳಸುವ ಲಿಕ್ವಿಡ್ ಗ್ಲೂಕೋಸ್ 250 ಗ್ರಾಂ, ಕೆಂಪು ಫುಡ್ ಕಲರ್, ಒಂದು ಹನಿ ನೀಲಿ. ಬಾಟಲಿಯಲ್ಲಿ ಚೆಂದ, ಕೈಮೇಲೆ ಹಚ್ಚಿದರೆ ಗುಲಾಬಿ ಶರಬತ್ತು. ಅಷ್ಟರಲ್ಲಿ ತೋಟದಿಂದ ಬಂದ ನಟನ ಹಿಮ್ಮಡಿಗೆ ಇಂಬಳ (ಜಿಗಣೆ) ಕಚ್ಚಿದ್ದು ಕಂಡಿತು. ಇಂಬಳ ಕಚ್ಚಿದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹರಿಯುತ್ತಲೇ ಇರುತ್ತದೆ. ಅವನನ್ನು ಕದಲದೆ ಕೂರಿಸಿ, ಪಕ್ಕದಲ್ಲೇ ನನ್ನದನ್ನು ಹಚ್ಚಿ, ಬಣ್ಣ ಹೋಲಿಸಿ ನೋಡುತ್ತಾ ಕಾಫಿ ಡಿಕಾಕ್ಷನ್ ಚಮಚ ಚಮಚವಾಗಿ ಸೇರಿಸಿದೆ. ಎರಡೂವರೆ ಚಮಚಕ್ಕೆ ಹೊಂದಿತು. ಅವನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಅಂಗಿಗಳಿಗೆ ಚಿಮುಕಿಸಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಉಪ್ಪರಿಗೆ ತುಂಬ ಇರುವೆ. ಬೆರ್ಚಪ್ಪನ ಎದೆಯ ಮೇಲೆ ಕಪ್ಪು ಸಾಲು ಅಲ್ಲಾಡುತ್ತಿತ್ತು. ಎರಡನೇ ಸಲ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಬೆರೆಸಿದೆ. ಇರುವೆ ಕಡಿಮೆಯಾಯಿತು, ಮಾವನ ಮದುವೆ ಅಂಗಿಯ ಕಲೆಯೂ ಒಗೆದರೆ ಹೋಯಿತು. ಬಾಯಿಗೆ ತಾಗುವ ದೃಶ್ಯವಿದ್ದರೆ ಇದನ್ನು ಮಾಡಬೇಡಿ.

ಜುಲೈ, ಚಿತ್ರೀಕರಣ

ಒಟ್ಟು ಐದು ರಾತ್ರಿ, ಹದಿನೆಂಟು ದಿನದಲ್ಲಿ ಹರಡಿಕೊಂಡು. ಕರೆಂಟ್ ಹೋದ ಲೆಕ್ಕ ಇಟ್ಟಿಲ್ಲ. ಆಗೆಲ್ಲ ಮೋಟಾರಿಗೆ ತಂದ ಬ್ಯಾಟರಿಗೆ ಒಂದು ಎಲ್‌ಇಡಿ ಕಟ್ಟಿ ಕೂತೆವು. ಅದರಿಂದ ಆದ ಉಪಯೋಗ ಅಷ್ಟೇ.

ಹೇಳಲೇಬೇಕಾದ್ದು ನಾಲ್ಕನೇ ರಾತ್ರಿ. ಮಳೆಗೆ ಕೇಬಲ್ ಒಳಗೆ ತುಕ್ಕು ಹಿಡಿದಿತ್ತು, ಕಿಟಕಿಯ ಮೂಲೆಯಲ್ಲಿ ನಾನು ಅದನ್ನು ತೀರಾ ಚೂಪಾಗಿ ಬಗ್ಗಿಸಿದ್ದೆ. ಎಣ್ಣೆ ಬಿಡಬೇಕು ಅಂತ ಎರಡು ದಿನದಿಂದ ಅಂದುಕೊಂಡು ಬಿಟ್ಟಿರಲಿಲ್ಲ. ಟೇಕ್ ಮುಗಿಯಿತು, ನಾನು “ಸಾಕು” ಅಂದೆ. ಹುಡುಗ ಲಿವರ್ ಬಿಟ್ಟು ಚಳಿಗೆ ಓಡಿ ಒಲೆ ಮುಂದೆ ಕೂತ. ಎತ್ತಿದ ಕೈ ಕೆಳಗೆ ಬಂದಿಲ್ಲ ಅನ್ನುವುದನ್ನು ಯಾರೂ ನೋಡಲಿಲ್ಲ. ನಟ ಎದುರಿಗೆ ಕೂತು ಅಂಗೈ ಒರೆಸಿಕೊಳ್ಳುತ್ತಿದ್ದ. ಫೋನ್ ಆರಿಸಲು ಮರೆತಿದ್ದೆ. ಹನ್ನೊಂದು ಸೆಕೆಂಡ್ ಏನೂ ಇಲ್ಲ, ಹೆಂಚಿನ ಮೇಲೆ ಮಳೆ. ಆಮೇಲೆ ಸಿಕ್ಕಿಕೊಂಡಿದ್ದ ಕೇಬಲ್ ಜಾರಿತು. ಛಟೀರ್. ಒಂದೇ ಒಂದು.

ನಟ ತಲೆಯೆತ್ತಿ ನೋಡಿದ ನೋಟ ಅವನು ನಟಿಸಿದ್ದಲ್ಲ. ಸಿನಿಮಾದ ಕೊನೆಯ ಶಾಟ್ ಅದೇ. ಅದಕ್ಕೂ ಮುಂಚೆ ಬರೆದಿಟ್ಟಿದ್ದ ನಾಲ್ಕು ಪುಟದ ಕ್ಲೈಮ್ಯಾಕ್ಸ್ ತೆಗೆಯಲೇ ಇಲ್ಲ. ಐದನೇ ರಾತ್ರಿ ಅದೇ ತುಕ್ಕು ಕೇಬಲ್‌ನಿಂದ ಮತ್ತೊಮ್ಮೆ ಬರಿಸಲು ಹದಿನಾರು ಸಲ ಪ್ರಯತ್ನಿಸಿದೆ, ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ.

ಈ ದಿನಗಳಲ್ಲೇ ಒಂದು ಬೆಳಿಗ್ಗೆ ಉಪ್ಪರಿಗೆ ಸೋರಿ, ಏಳನ್ನೂ ಕೆಳಗೆ ತಂದು ಜಗಲಿಯಲ್ಲಿ ಗೋಡೆಗೆ ಒರಗಿಸಿದ್ದೆ. ಮಂಡಿಯಿಂದ ಸಂಜೆ ಬಂದರೆ ಅತ್ತೆ ಅವುಗಳ ನಡುವೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ರೇಡಿಯೋ ಹಾಕಿತ್ತು. ಮೇಲೆ ಸಾಗಿಸಲು ಹೋದೆ. “ಇರ್ಲಿ ಬಿಡು ಅಪ್ಪೀ, ಜನ ಇದ್ದ ಹಾಗೆ ಇರ್ತದೆ” ಅಂದರು. ಎರಡು ದಿನ ಅಲ್ಲೇ ಇದ್ದವು. ಮೂರನೇ ಬೆರ್ಚಪ್ಪನ ಅಂಗಿಯ ಬಿಟ್ಟ ಗುಂಡಿಯನ್ನು ಅವರು ಹೊಲಿದು ಹಾಕಿದ್ದು ನನಗೆ ಗೊತ್ತಾದದ್ದು ಎಡಿಟಿಂಗಿನಲ್ಲಿ. ಎರಡು ಶಾಟಿನ ನಡುವೆ ಗುಂಡಿ ಹುಟ್ಟುತ್ತದೆ. ಹಾಗೇ ಬಿಟ್ಟಿದ್ದೇನೆ.

ಆಗಸ್ಟ್ 4, ಸದ್ದು

ಮಳೆಯಲ್ಲಿ ಹೆಂಚಿನ ಮನೆಯೊಳಗೆ ಸದ್ದು ಹಿಡಿಯಲು ಹೋದದ್ದು ಶುದ್ಧ ಹುಂಬತನ. 900 ರೂಪಾಯಿಯ ಕಾಲರ್ ಮೈಕಿನಲ್ಲಿ ಮಾತಿಗಿಂತ ಮಳೆ ಜೋರು. ಅದರ ಜೊತೆ ಒಂದು ಗುಂಯ್ ಬೇರೆ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಮೇಲೆ ಗುಂಯ್ ಹೋಯಿತು, ಮಳೆ ಹೋಗಲಿಲ್ಲ. ಅರ್ಧದಷ್ಟು ಮಾತನ್ನು ಮತ್ತೆ ಹೇಳಿಸಿದೆ.

ಚಪ್ಪಾಳೆಯನ್ನು ಬೇರೆಯೇ ಹಿಡಿಯಬೇಕಿತ್ತು. ಏಳು ಬೆರ್ಚಪ್ಪ, ಏಳು ಬಗೆ. ರೋಮಿನ ದೊರೆ ನೀರೋಗೆ ಹಾಡುವ ಹುಚ್ಚು. ಚಪ್ಪಾಳೆಗೆಂದೇ ಐದು ಸಾವಿರಕ್ಕೂ ಹೆಚ್ಚು ಯುವಕರನ್ನು ಇಟ್ಟುಕೊಂಡು ತರಬೇತಿ ಕೊಡಿಸಿದ್ದ ಅಂತ ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಚಪ್ಪಾಳೆಯ ಬಗೆಗಳಿಗೆ ಹೆಸರೂ ಇದ್ದವು: ಜೇನ್ನೊಣ, ಹೆಂಚು, ಇಟ್ಟಿಗೆ. ನೀರೋ ಹಾಡುವಾಗ ಯಾರೂ ಎದ್ದು ಹೋಗುವಂತಿರಲಿಲ್ಲವಂತೆ. ನನ್ನ ಕಥೆಯ ಹುಡುಗ ಬಡವ, ಅಷ್ಟೇ ವ್ಯತ್ಯಾಸ. ನಾನು ಆ ಹೆಸರುಗಳನ್ನೇ ಇಟ್ಟುಕೊಂಡು ಕೂತೆ: ಅಂಗೈ ಬಟ್ಟಲಾಗಿಸಿ ಹೊಡೆದರೆ ಹೆಂಚಿನ ಪೊಳ್ಳು ಸದ್ದು, ಚಪ್ಪಟೆ ಹೊಡೆದರೆ ಇಟ್ಟಿಗೆ. ಕಂಬಳಿಯೊಳಗೆ ಹಿಡಿದದ್ದು ಸತ್ತ ಹಾಗಿತ್ತು, ಮೆಟ್ಟಿಲ ಸಂದಿಯಲ್ಲಿ ಹಿಡಿದದ್ದು ಸರಿಹೋಯಿತು. ಬೂಷ್ಟು ಬಂದ ನಾಲ್ಕಕ್ಕೆ ನಿಜವಾದ ಹಾಳೆಯ ಸದ್ದನ್ನೇ ಇಟ್ಟೆ, ಒಣಗಿದ ಛಟ್. ಜೇನ್ನೊಣ ನನ್ನಿಂದಾಗಲಿಲ್ಲ. ತುಂಬಾ ಕೈ ಬೇಕು.

ಆಗಸ್ಟ್ 18, ಎಡಿಟಿಂಗ್

ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ, 8 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್, ಏದುಸಿರು. ಆರು ನಿಮಿಷದ ಉದ್ದನೆ ಶಾಟಿನಲ್ಲಿ ಆರಂಭದಲ್ಲಿ ಕೂಡಿದ್ದ ತುಟಿ ಮತ್ತು ಮಾತು ಕೊನೆಗೆ ಒಂಬತ್ತು ಫ್ರೇಮ್ ಬೇರೆಯಾಗಿದ್ದವು. ಎರಡು ರಾತ್ರಿ ಮೈಕನ್ನು ಬೈದೆ. ತಪ್ಪು ಫೋನಿನದು: ಅದು ಒಂದೇ ವೇಗದಲ್ಲಿ ಫ್ರೇಮ್ ಹಿಡಿಯುವುದಿಲ್ಲ, ಹೆಚ್ಚು ಕಡಿಮೆ ಮಾಡುತ್ತದೆ. ಎಲ್ಲ ಫೈಲನ್ನೂ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಿನಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿ ಮತ್ತೆ ಜೋಡಿಸಿದೆ. ಇದನ್ನು ಮೊದಲೇ ಮಾಡಿ.

ಮಧ್ಯೆ 40 ಸೆಕೆಂಡಿನ ಟೀಸರ್ ಹಾಕಿದೆ. ರಾತ್ರಿ ಹತ್ತಕ್ಕೆ ಹಾಕಿ ಮಲಗಿದವನು ಒಂದಕ್ಕೆ ಎದ್ದು ನೋಡಿದೆ, ಎರಡೂ ಮುಕ್ಕಾಲಿಗೆ, ನಾಲ್ಕಕ್ಕೆ. ಬೆಳಿಗ್ಗೆ 11 ವ್ಯೂಸ್. ಅದರಲ್ಲಿ ನನ್ನದೆಷ್ಟು ಅಂತ ಲೆಕ್ಕ ಹಾಕಲು ಕೂತೆ. ಮಂಡಿಯಲ್ಲಿ ಕೆಲಸ ಮಾಡುವವನಿಗೆ ಲೆಕ್ಕ ಬಾರದೇ ಇರುತ್ತದೆಯೇ, ಆದರೆ ಅದನ್ನು ಪೂರ್ತಿ ಮಾಡಲಿಲ್ಲ. ಅವತ್ತೇ ಸ್ಕ್ರಿಪ್ಟಿನ ಮೂರನೇ ರಾತ್ರಿಯ ದೃಶ್ಯವನ್ನು ಕತ್ತರಿಸಿ, ಬರೀ ಅವನು ಕತ್ತಲಲ್ಲಿ ಮಲಗಿ ಪರದೆಯನ್ನು ಕೆಳಕ್ಕೆಳೆದು ಬಿಡುವ ಬೆರಳನ್ನು 50 ಸೆಕೆಂಡ್ ಇಟ್ಟೆ. ಆ ಬೆರಳು ನನ್ನದು, ನಟ ಊರಲ್ಲಿರಲಿಲ್ಲ.

ಲೆಕ್ಕ

ಮೇಲೆ ಬಂದವುಗಳ ಜೊತೆ ರಿಂಗ್ ಲೈಟ್ 750, ರಕ್ತದ ಸಾಮಾನು 240, ಪೆಟ್ರೋಲ್ 600. ಒಟ್ಟು 4,740 ರೂಪಾಯಿ. ಇದರಲ್ಲಿ ಸರ್ವೋ, ವೈಪರ್ ಮೋಟಾರ್, ಅಡಾಪ್ಟರ್, ಬ್ಯಾಟರಿ, ಬಿಳಿ ಬಣ್ಣ ಸೇರಿ ಸರಿಯಾಗಿ 2,000 ಬೇಡದ ಖರ್ಚು. ಚಪ್ಪಾಳೆ ಹೊಡೆಸಿದ್ದು 160 ರೂಪಾಯಿಯ ಲಿವರ್ ಮತ್ತು ಕೇಬಲ್. ಹುಡುಗನಿಗೆ ಕ್ರಿಕೆಟ್ ಬಾಲ್ ಕೊಡಿಸಬೇಕು, ಇನ್ನೂ ಕೊಡಿಸಿಲ್ಲ.

ಬೆರ್ಚಪ್ಪಗಳು ಈಗ ಬಾಳೆ ಸಾಲಿನಲ್ಲಿ ನಿಂತಿವೆ. ಮಂಗಗಳು ಒಂದು ವಾರ ಬರಲಿಲ್ಲ, ಎಂಟನೇ ದಿನ ಒಂದು ಗಡವ ಐದನೆಯದರ ಹೆಗಲೇರಿ ಕೂತು ಮಾತ್ರೆಯ ಕಣ್ಣು ಕಿತ್ತು ಕಚ್ಚಿ ನೋಡಿತು. ಅತ್ತೆ ಹೇಳಿದ್ದಕ್ಕೆ ಆ ಕೈಯ ಕೇಬಲ್ಲಿಗೆ ಎಣ್ಣೆ ಬಿಟ್ಟು, ತುದಿಗೆ ನೈಲಾನ್ ಹಗ್ಗ ಕಟ್ಟಿ, 14 ಮೀಟರ್ ದೂರದ ಅಡುಗೆಮನೆ ಕಿಟಕಿಯವರೆಗೆ ಎಳೆದುಕೊಟ್ಟಿದ್ದೇನೆ. ದೋಸೆ ಹೊಯ್ಯುತ್ತಾ ಒಂದು ಕೈಯಲ್ಲಿ ಎಳೆಯುತ್ತಾರೆ. ಹಗ್ಗ ಮಳೆಗೆ ಹಿಗ್ಗುತ್ತದೆ, ಎರಡು ದಿನಕ್ಕೊಮ್ಮೆ ಬಿಗಿ ಮಾಡಬೇಕು.